ಹಳೆಯ ಟ್ರ್ಯಾಕ್ಟರ್ ಆಯಿಲ್ ಕುಡಿಯುತ್ತಿದೆ: ಎಂಜಿನ್ ಬಿಚ್ಚುವ ಮೊದಲು ಏನನ್ನು ನೋಡಬೇಕು?

ಪ್ರಶ್ನೆ: ನಮ್ಮದು 1998ರ ಮಾದರಿಯ, ಮೂರು ಸಿಲಿಂಡರಿನ 35 ಎಚ್‌ಪಿ ಟ್ರ್ಯಾಕ್ಟರ್. ಹತ್ತು ತಾಸು ರೋಟವೇಟರ್ ಹೊಡೆದರೆ ಸುಮಾರು 40 ಲೀಟರ್ ಡೀಸೆಲ್‌ ಜೊತೆಗೆ ಒಂದು ಲೀಟರ್ ಎಂಜಿನ್ ಆಯಿಲ್ ಕೂಡ ಹಾಕಬೇಕಾಗುತ್ತದೆ. ಲೋಡ್ ಬಿದ್ದಾಗ ಸೈಲೆನ್ಸರ್‌ನಿಂದ ನೀಲಿ ಹೊಗೆ ಬರುತ್ತದೆ. ಒಬ್ಬ ಮೆಕ್ಯಾನಿಕ್ ಪೂರ್ತಿ ಎಂಜಿನ್ ಕೆಲಸ ಮಾಡಿಸಿ ಎನ್ನುತ್ತಾರೆ, ಇನ್ನೊಬ್ಬರು ಹೆಡ್ (ಎಂಜಿನ್ ಮೇಲಿನ ಮುಚ್ಚಳದ ಭಾಗ) ಇಳಿಸಿ ವಾಲ್ವ್ ಗೈಡ್ (ವಾಲ್ವ್‌ನ ಕಡ್ಡಿ ಜಾರುವ ಕೊಳವೆ) ಬದಲಿಸಿದರೆ ಸಾಕು ಎನ್ನುತ್ತಾರೆ. ಯಾರ ಮಾತು ಕೇಳಬೇಕು?
— ಹಾವೇರಿ ಜಿಲ್ಲೆಯ ಓದುಗರು

ಉತ್ತರ: ಕಾರಣ ಗೊತ್ತಾಗುವವರೆಗೆ ಇಬ್ಬರ ಮಾತಿಗೂ ಹಣ ಹಾಕಬೇಡಿ. ಆದರೆ ನಿಮ್ಮ ಆತಂಕ ಸರಿಯಾದದ್ದೇ. ನಮ್ಮ ದೇಶದಲ್ಲಿ ಹೊಸ ಟ್ರ್ಯಾಕ್ಟರ್‌ಗಳ ಪರೀಕ್ಷೆಯಲ್ಲಿ ಆಯಿಲ್ ಖರ್ಚು ಡೀಸೆಲ್ ಖರ್ಚಿನ ಶೇ 1ನ್ನು ಮೀರಬಾರದು ಎಂಬ ಮಿತಿಯಿದೆ. 40 ಲೀಟರ್‌ಗೆ ಒಂದು ಲೀಟರ್ ಎಂದರೆ ಶೇ 2.5 ಆಯಿತು, ಹಳೆಯ ಎಂಜಿನ್‌ಗೂ ಇದು ಹೆಚ್ಚೇ.

ಮೊದಲು ಆ ಲೀಟರ್ ಪೂರ್ತಿ ಉರಿದೇ ಹೋಗುತ್ತಿದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಿ. ಕ್ಲಚ್ ಹೌಸಿಂಗ್‌ನ ತಳದಲ್ಲಿರುವ ಸಣ್ಣ ರಂಧ್ರದಿಂದ ಕಪ್ಪು ಆಯಿಲ್ ತೊಟ್ಟಿಕ್ಕುತ್ತಿದ್ದರೆ ಕ್ರ್ಯಾಂಕ್‌ನ (ಪಿಸ್ಟನ್‌ಗಳು ತಿರುಗಿಸುವ ಮುಖ್ಯ ದಂಡದ) ಹಿಂಬದಿ ಸೀಲ್ ಹೋಗಿದೆ ಎಂದರ್ಥ. ಅದು ತಿಳಿ ಬಣ್ಣದ್ದಾಗಿದ್ದು ಗೇರ್ ಆಯಿಲ್‌ನ ವಾಸನೆ ಬರುತ್ತಿದ್ದರೆ ಎಂಜಿನ್‌ಗೂ ಅದಕ್ಕೂ ಸಂಬಂಧವಿಲ್ಲ. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿ. ಮೇಲಿನ ಗೆರೆ ದಾಟಿ ಆಯಿಲ್ ತುಂಬಿಸುವ ಅಭ್ಯಾಸ ಅನೇಕರಿಗಿದೆ; ಹೆಚ್ಚಾದ ಆಯಿಲ್ ಅನ್ನು ಕ್ರ್ಯಾಂಕ್ ಲೈನರ್ (ಪಿಸ್ಟನ್ ಓಡಾಡುವ ಕೊಳವೆ) ಗೋಡೆಗೆ ಎರಚುತ್ತದೆ ಮತ್ತು ಅಷ್ಟನ್ನೂ ಕೆರೆದು ಕೆಳಗಿಳಿಸಲು ಪಿಸ್ಟನ್ ಸುತ್ತಲಿನ ರಿಂಗ್‌ಗಳಿಗೆ ಆಗುವುದಿಲ್ಲ. ಡಿಪ್‌ಸ್ಟಿಕ್‌ನ ಆಯಿಲ್ ತೆಳ್ಳಗಾಗಿ ಡೀಸೆಲ್ ವಾಸನೆ ಬರುತ್ತಿದ್ದರೆ ಡೀಸೆಲ್ ಪೂರೈಸುವ ಫೀಡ್ ಪಂಪ್‌ನ ಡಯಾಫ್ರಮ್ ಮತ್ತು ಡೀಸೆಲ್ ಸಿಂಪಡಿಸುವ ನಾಝಲ್‌ಗಳನ್ನು ಪರೀಕ್ಷಿಸಿ.

ಮುಂದಿನದು ಏರ್ ಕ್ಲೀನರ್. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ನೂರು ರೂಪಾಯಿಯೂ ಖರ್ಚಾಗದ ಈ ಪರೀಕ್ಷೆಯನ್ನು ಬಿಟ್ಟು ನೇರವಾಗಿ ಎಂಜಿನ್ ಬಿಚ್ಚುವುದನ್ನು ಕಂಡಾಗ ರೈತರ ಹಣದ ಬಗ್ಗೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ನಿಮ್ಮ ಕಾಲದ ಟ್ರ್ಯಾಕ್ಟರ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ತಳದ ಬಟ್ಟಲಿನಲ್ಲಿ ಆಯಿಲ್ ಇರುವ ಕ್ಲೀನರ್. ಬಟ್ಟಲಿನ ಗುರುತಿಗಿಂತ ಹೆಚ್ಚು ಆಯಿಲ್ ಹಾಕಿದರೆ ಎಂಜಿನ್ ಅದನ್ನು ಗಾಳಿಯೊಂದಿಗೆ ಎಳೆದುಕೊಂಡು ಸುಡುತ್ತದೆ; ಆಗ ಬರುವ ಹೊಗೆಯೂ ನೀಲಿಯೇ. ಡೀಸೆಲ್ ಎಂಜಿನ್‌ನಲ್ಲಿ ಪೆಟ್ರೋಲ್ ಎಂಜಿನ್‌ನಂತೆ ಗಾಳಿಯನ್ನು ತಡೆಯುವ ಥ್ರಾಟಲ್ ಇಲ್ಲದ ಕಾರಣ ಇನ್‌ಟೇಕ್‌ನಲ್ಲಿ ಎಳೆತ ಕಡಿಮೆ ಇರುತ್ತದೆ, ಹಾಗಾಗಿ ಸವೆದ ವಾಲ್ವ್ ಗೈಡ್ ಒಂದರಿಂದಲೇ ಇಷ್ಟು ಆಯಿಲ್ ಹೋಗುವುದು ಅಪರೂಪ. ಆದರೆ ಕ್ಲೀನರ್ ಒಳಗಿನ ಜಾಳಿಗೆ ಧೂಳಿನಿಂದ ಕಟ್ಟಿಕೊಂಡರೆ ಆ ಎಳೆತ ಬಲವಾಗುತ್ತದೆ ಮತ್ತು ಗೈಡ್ ಮೂಲಕವೂ ಆಯಿಲ್ ಒಳಬರುತ್ತದೆ. ಜಾಳಿಗೆಯನ್ನು ಡೀಸೆಲ್‌ನಲ್ಲಿ ತೊಳೆದು, ಪೂರ್ತಿ ಸೋರಲು ಬಿಟ್ಟು, ಗುರುತಿನ ಮಟ್ಟಕ್ಕೆ ಹೊಸ ಆಯಿಲ್ ಹಾಕಿ. ಕ್ಲೀನರ್‌ನಿಂದ ಎಂಜಿನ್‌ಗೆ ಹೋಗುವ ರಬ್ಬರ್ ಹೋಸ್‌ನ ಒಳಗೆ ಬೆರಳಾಡಿಸಿ ನೋಡಿ. ಮಣ್ಣಿನ ಪುಡಿ ಅಂಟಿದರೆ ಹೋಸ್ ಎಲ್ಲೋ ಬಿರುಕು ಬಿಟ್ಟಿದೆ, ಅದೇ ಧೂಳು ಲೈನರ್ ಅನ್ನೂ ತಿಂದಿರುತ್ತದೆ.

ಇಷ್ಟಾದ ಮೇಲೂ ನೀಲಿ ಹೊಗೆ ಬಂದರೆ ಎಂಜಿನ್ ಬಿಸಿಯಾಗಿ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆಯಿರಿ. ಸ್ವಲ್ಪ ಆವಿ ಬರುವುದು ಸಹಜ. ಬುಸುಬುಸು ಎಂದು ಒತ್ತೊತ್ತಿ ಹೊಗೆ ಬಂದರೆ ರಿಂಗ್ ದಾಟಿ ಗ್ಯಾಸ್ ಕೆಳಗಿಳಿಯುತ್ತಿದೆ ಎಂದು ತಿಳಿಯಬಹುದು. ಅದಕ್ಕೂ ಮೊದಲು ಎಂಜಿನ್ ಒಳಗಿನ ಆವಿ ಹೊರಹೋಗುವ ಬ್ರೀದರ್ ಪೈಪ್ ಕಟ್ಟಿಲ್ಲವೆಂದು ಖಚಿತಪಡಿಸಿಕೊಳ್ಳಿ. ಹೊಗೆಯ ಸಮಯವೂ ಸುಳಿವು ಕೊಡುತ್ತದೆ: ರಾತ್ರಿಯಿಡೀ ನಿಂತ ಎಂಜಿನ್ ಚಾಲೂ ಮಾಡಿದಾಗ ಮಾತ್ರ ನೀಲಿ ಹೊಗೆ ಬಂದು ನಿಂತರೆ ಗೈಡ್ ಮೇಲೆ, ನಿಮ್ಮಲ್ಲಿರುವಂತೆ ಲೋಡ್‌ನಲ್ಲಿ ಬಂದರೆ ರಿಂಗ್ ಮೇಲೆ ಅನುಮಾನ ಹೆಚ್ಚು. ಬೆಳಿಗ್ಗೆ ಬರುವ, ಕಣ್ಣು ಉರಿಸುವ ಬಿಳಿ ಹೊಗೆ ಉರಿಯದ ಡೀಸೆಲ್‌ನದ್ದು. ಅದನ್ನು ಇದರೊಂದಿಗೆ ಬೆರೆಸಬೇಡಿ.

ಬಳಿಕ ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಹೊಗೆಯನ್ನು ಸೈಲೆನ್ಸರ್‌ಗೆ ಒಯ್ಯುವ ಕೊಳವೆ) ಬಿಚ್ಚಿ, ಸಿಲಿಂಡರುಗಳಿಂದ ಹೊಗೆ ಹೊರಬರುವ ಮೂರೂ ಪೋರ್ಟ್‌ಗಳನ್ನು ಟಾರ್ಚ್ ಹಾಕಿ ನೋಡಿ. ಒಂದೇ ಪೋರ್ಟ್ ಆಯಿಲ್‌ನಿಂದ ಒದ್ದೆಯಾಗಿದ್ದು ಉಳಿದೆರಡು ಒಣಗಿದ್ದರೆ ಆ ಸಿಲಿಂಡರಿನ ರಿಂಗ್ ಮುರಿದಿರಬಹುದು ಅಥವಾ ಕಾರ್ಬನ್‌ನಲ್ಲಿ ಸಿಕ್ಕಿಕೊಂಡಿರಬಹುದು. ಮೂರೂ ಒದ್ದೆಯಾಗಿದ್ದರೆ ಅದು ಒಟ್ಟಾರೆ ಸವೆತ. ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಷನ್ ಪರೀಕ್ಷೆ ಮಾಡಿಸಿದರೆ ಒಳ್ಳೆಯದೇ, ಆದರೆ ಪೆಟ್ರೋಲ್ ಎಂಜಿನ್‌ಗೆ ಮಾಡುವಂತೆ ಸಿಲಿಂಡರಿಗೆ ಆಯಿಲ್ ಸುರಿದು ಮತ್ತೆ ಅಳೆಯುವುದು ಬೇಡ. ಡೀಸೆಲ್ ಎಂಜಿನ್‌ನಲ್ಲಿ ಪಿಸ್ಟನ್ ಮೇಲೆ ಉಳಿಯುವ ಜಾಗ ಬಹಳ ಕಡಿಮೆಯಾದ್ದರಿಂದ ಆ ಆಯಿಲೇ ಅಳತೆಯನ್ನು ಏರಿಸಿ ದಾರಿ ತಪ್ಪಿಸುತ್ತದೆ.

ಕೊನೆಗೆ ಪಿಸ್ಟನ್ ಹೊರತೆಗೆಯಲೇಬೇಕಾದರೆ ಲೈನರ್ ಬದಲಿಸಬೇಕೇ ಎಂಬುದನ್ನು ನೀವೇ ಎದುರಿಗೆ ನಿಂತು ಅಳೆಸಿ. ಮೇಲಿನ ರಿಂಗ್ ಒಂದನ್ನು ಬಿಚ್ಚಿ, ಲೈನರ್‌ನ ಕೆಳಗಿನ, ಸವೆಯದ ಭಾಗದಲ್ಲಿಟ್ಟು, ಪಿಸ್ಟನ್ ತಲೆಯಿಂದ ನೇರವಾಗಿ ತಳ್ಳಿ, ತುದಿಗಳ ನಡುವಿನ ಸಂದನ್ನು ಫೀಲರ್ ಗೇಜ್‌ನಿಂದ (ಸಂದು ಅಳೆಯುವ ತೆಳು ಲೋಹದ ಪಟ್ಟಿಗಳಿಂದ) ಅಳೆಯಿರಿ. ಅದೇ ರಿಂಗ್ ಅನ್ನು ಲೈನರ್‌ನ ಮೇಲ್ಭಾಗದಲ್ಲಿ, ಉಗುರಿಗೆ ತಾಗುವ ಅಂಚಿನ ಸ್ವಲ್ಪ ಕೆಳಗಿಟ್ಟು ಮತ್ತೆ ಅಳೆಯಿರಿ. ಎರಡರ ವ್ಯತ್ಯಾಸವನ್ನು 3.14ರಿಂದ ಭಾಗಿಸಿದರೆ ಲೈನರ್‌ನ ವ್ಯಾಸ ಎಷ್ಟು ಹಿಗ್ಗಿದೆ ಎಂಬುದು ಸಿಗುತ್ತದೆ. ಉದಾಹರಣೆಗೆ ಕೆಳಗೆ 0.40, ಮೇಲೆ 1.20 ಮಿ.ಮೀ. ಬಂದರೆ ಸವೆತ ಸುಮಾರು 0.25 ಮಿ.ಮೀ. ತಯಾರಕರ ಸರ್ವಿಸ್ ಪುಸ್ತಕದ ಮಿತಿಯೇ ಅಂತಿಮ. ಆದರೂ ಇಷ್ಟು ಸವೆದ ಲೈನರ್‌ಗೆ ಬರೀ ಹೊಸ ರಿಂಗ್ ಹಾಕಿಸುವುದನ್ನು ನಾನು ಒಪ್ಪುವುದಿಲ್ಲ, ಕೆಲವೇ ತಿಂಗಳಲ್ಲಿ ಅದೇ ಹೊಗೆ ಮರಳುತ್ತದೆ. ಹೆಡ್ ಹೇಗೂ ಇಳಿದಿರುವುದರಿಂದ ಗೈಡ್‌ಗಳನ್ನೂ ಆಗಲೇ ನೋಡಿಸಿ: ವಾಲ್ವ್ ಅನ್ನು ಸ್ವಲ್ಪ ಎತ್ತಿ ಅಡ್ಡಕ್ಕೆ ಅಲುಗಿಸಿದಾಗ ಕೈಗೆ ಸ್ಪಷ್ಟವಾಗಿ ಆಟ ಗೊತ್ತಾದರೆ ಮಾತ್ರ ಬದಲಿಸಿ.

ದಪ್ಪ ಆಯಿಲ್ ಅಥವಾ ಹೊಗೆ ನಿಲ್ಲಿಸುವುದಾಗಿ ಮಾರುವ ಬಾಟಲಿ ದ್ರಾವಣಗಳು ಸವೆತವನ್ನು ಸರಿಪಡಿಸುವುದಿಲ್ಲ. ಈ ಹಂಗಾಮು ಮುಗಿಯುವವರೆಗೆ ಹಾಗೆಯೇ ಓಡಿಸುವುದು ಅನಿವಾರ್ಯವಾದರೆ ನಿಗದಿತ ದರ್ಜೆಯ ಆಯಿಲನ್ನೇ ಬಳಸಿ, ನಾಲ್ಕೈದು ತಾಸಿಗೊಮ್ಮೆ ಮಟ್ಟ ನೋಡಿ. ಹೊಸ ಲೈನರ್, ರಿಂಗ್ ಹಾಕಿಸಿದ ಮೇಲೆ ಎಂಜಿನ್ ಅನ್ನು ಗಂಟೆಗಟ್ಟಲೆ ಖಾಲಿ ಓಡಿಸಬೇಡಿ. ಲೈನರ್ ಗೋಡೆ ನುಣುಪಾಗಿ ಮೆರುಗು ಹಿಡಿದರೆ ರಿಂಗ್ ಕೂರುವುದೇ ಇಲ್ಲ. ಮೊದಲು ಹಗುರ ಟ್ರಾಲಿ ಕೆಲಸ, ನಂತರ ಕ್ರಮವಾಗಿ ಹೆಚ್ಚಿನ ಲೋಡ್ ಕೊಟ್ಟು, 50 ತಾಸಿಗೆ ಆಯಿಲ್ ಮತ್ತು ಫಿಲ್ಟರ್ ಬದಲಿಸಿ.