ನವೆಂಬರ್ 1ರಂದೇ ಇಷ್ಟೊಂದು ರಾಜ್ಯಗಳ ಹುಟ್ಟುಹಬ್ಬ ಏಕೆ?

ಕರ್ನಾಟಕ, ಕೇರಳ, ಆಂಧ್ರಪ್ರದೇಶ, ಮಧ್ಯಪ್ರದೇಶಗಳು ಒಂದೇ ದಿನ ಸಂಸ್ಥಾಪನಾ ದಿನ ಆಚರಿಸುವುದು ಆಕಸ್ಮಿಕವಲ್ಲ; ರಾಜ್ಯ ಪುನರ್ವಿಂಗಡಣಾ ಕಾಯ್ದೆಯ ಬದಲಾವಣೆಗಳೆಲ್ಲ ಜಾರಿಗೆ ಬರುವ ದಿನವೆಂದು ಗೊತ್ತುಪಡಿಸಿದ್ದು 1956ರ ನವೆಂಬರ್ 1ನ್ನೇ. ಒಂದು ರಾಜ್ಯದಿಂದ ಕಳಚಿದ ಜಿಲ್ಲೆ ಆ ಕ್ಷಣವೇ ಇನ್ನೊಂದಕ್ಕೆ ಸೇರಬೇಕಿತ್ತು. ಹೈದರಾಬಾದ್ ರಾಜ್ಯ ಇಲ್ಲವಾದಾಗ ಗುಲ್ಬರ್ಗಾ, ರಾಯಚೂರು ಮತ್ತು ಬೀದರಿನ ಬಹುಭಾಗ ಮೈಸೂರಿಗೂ, ತೆಲಂಗಾಣ ಆಂಧ್ರಕ್ಕೂ, ಮರಾಠವಾಡ ಮುಂಬಯಿಗೂ ಹೋದವು. ಈ ದಿನಗಳು ಬೇರೆಬೇರೆಯಾಗಿದ್ದರೆ ನಡುವಿನ ಅವಧಿಯಲ್ಲಿ ರಾಯಚೂರಿನ ರೈತ ಯಾವ ಸರ್ಕಾರಕ್ಕೆ ಕಂದಾಯ ಕಟ್ಟಬೇಕೆಂಬುದೇ ತಿಳಿಯುತ್ತಿರಲಿಲ್ಲ. 1966ರಲ್ಲಿ ಹರಿಯಾಣ, 2000ದಲ್ಲಿ ಛತ್ತೀಸಗಢ ಇದೇ ತಾರೀಖಿಗೆ ಹುಟ್ಟಿದ್ದು ಬೇರೆ ಕಾಯ್ದೆಗಳಿಂದ. ಹಿರಿಯರು ಹಂಬಲಿಸಿದ್ದ ‘ಕರ್ನಾಟಕ’ ಎಂಬ ಹೆಸರು ಮೈಸೂರು ರಾಜ್ಯಕ್ಕೆ ಬಂದದ್ದು 1973ರ ನವೆಂಬರ್ 1ರಂದು. ಅದೇ ದಿನ ಮಂಗಳೂರಿನಲ್ಲಿ ಐಶ್ವರ್ಯಾ ರೈ ಜನಿಸಿದ್ದು ಮಾತ್ರ ಶುದ್ಧ ಕಾಕತಾಳೀಯ.