ಶಾಮ್ದಾನ್ ಪ್ಯಾರಿಸ್‌ನಲ್ಲಿ ಯಾಕೆ ಇರಲಿಲ್ಲ?

ಟೋಕಿಯೊ ಒಲಿಂಪಿಕ್ಸ್‌ನ ಕರಾಟೆಯಲ್ಲಿ ಬೆಳ್ಳಿ ಗೆದ್ದ ಟರ್ಕಿಯ ಎರಾಯ್ ಶಾಮ್ದಾನ್ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಯಾಕೆ ಕಾಣಿಸಲಿಲ್ಲ, ಗಾಯವಾಗಿತ್ತಾ ಅಂತ ಕೇಳಿದ್ದೀರಿ. ಗಾಯದ ಮಾತೇ ಇಲ್ಲಿ ಬರಲ್ಲ. ಪ್ಯಾರಿಸ್‌ನಲ್ಲಿ ಕರಾಟೆಯೇ ಇರಲಿಲ್ಲ. 2028ರ ಲಾಸ್ ಏಂಜಲೀಸ್ ಪಟ್ಟಿಯಲ್ಲೂ ಇಲ್ಲ. ಇದುವರೆಗೆ ಈ ಆಟಕ್ಕೆ ಸಿಕ್ಕಿದ್ದು ಟೋಕಿಯೊ ಒಂದೇ ಒಲಿಂಪಿಕ್ಸ್. ನನಗಂತೂ ಇದು ದೊಡ್ಡ ಅನ್ಯಾಯ ಅನ್ನಿಸುತ್ತೆ.

ಆ ಬೆಳ್ಳಿಯ ತೂಕ ಅರ್ಥವಾಗಬೇಕಾದರೆ ಒಂದು ವಿಷಯ ಗೊತ್ತಿರಬೇಕು. ಶಾಮ್ದಾನ್ ಮೂಲತಃ 60 ಕೆಜಿ ವಿಭಾಗದವರು. ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಗಂಡಸರ ಕುಮಿತೆಗೆ (ಇಬ್ಬರು ಎದುರುಬದುರು ಹೋರಾಡುವ ಕರಾಟೆ ಪಂದ್ಯ) ಐದು ತೂಕದ ವಿಭಾಗಗಳಿವೆ. ಟೋಕಿಯೊದಲ್ಲಿ ಅವನ್ನು ಮೂರಕ್ಕೆ ಇಳಿಸಿದರು. 60 ಮತ್ತು 67 ಕೆಜಿಯವರು ಒಟ್ಟಿಗೇ ಆಡಬೇಕಾಯಿತು. ತನಗಿಂತ ದಪ್ಪ, ಉದ್ದ ಕೈಕಾಲಿನವರ ಎದುರು ಮೂರು ನಿಮಿಷ ನಿಲ್ಲೋದು ಸುಮ್ನೆ ಅಲ್ಲ. ಅಲ್ಲಿ ಗುದ್ದಿಗೆ ಒಂದು ಅಂಕ, ಹೊಟ್ಟೆ ಅಥವಾ ಬೆನ್ನಿಗೆ ಒದ್ದರೆ ಎರಡು, ತಲೆಯ ಮಟ್ಟಕ್ಕೆ ಒದ್ದರೆ ಮೂರು. ಕಾಲು ಉದ್ದ ಇದ್ದವರಿಗೆ ಲಾಭ ಜಾಸ್ತಿ ಅಲ್ವಾ?

ಆದರೂ 2021ರ ಆಗಸ್ಟ್ 5ರಂದು ಟೋಕಿಯೊದ ಒಳಾಂಗಣ ಕ್ರೀಡಾಂಗಣ ಬುಡೋಕಾನ್‌ನಲ್ಲಿ ಅವರು ಫೈನಲ್‌ಗೆ ಬಂದರು. ಫ್ರಾನ್ಸ್‌ನ ಸ್ಟೀವನ್ ಡಾ ಕೋಸ್ಟಾ ಎದುರು 5-0 ಸೋತರು. ಕರಾಟೆಯಲ್ಲಿ ಟರ್ಕಿಗೆ ಸಿಕ್ಕ ಮೊದಲ ಒಲಿಂಪಿಕ್ ಪದಕ ಅದು. ಮುಂದಿನ ಎರಡು ದಿನಗಳಲ್ಲಿ ಅಲಿ ಸೋಫುಓಲು, ಮೆರ್ವೆ ಚೋಬಾನ್, ಉಊರ್ ಅಕ್ತಾಷ್ ಮೂರು ಕಂಚು ಸೇರಿಸಿದರು.

ಇನ್ನು ಮುಂದೆ ಅವರ ಆಟ ನೋಡಬೇಕಿದ್ದರೆ ಒಲಿಂಪಿಕ್ಸ್ ಬಿಡಿ, ಯುರೋಪಿಯನ್ ಮತ್ತು ವಿಶ್ವ ಚಾಂಪಿಯನ್‌ಶಿಪ್‌ಗಳ 60 ಕೆಜಿ ಪಂದ್ಯಗಳನ್ನು ಹುಡುಕಿ.