ಶಾಸಕರ ಪತ್ರ, ಮಗನ ವೀಸಾ

ಪ್ರಶ್ನೆ: ಕ್ಯಾಲಿಫೋರ್ನಿಯಾದಲ್ಲಿರುವ ಮಗನಿಗೆ ಅಲ್ಲಿನ ಅಸೆಂಬ್ಲಿ ಸದಸ್ಯರಿಂದ ಬಜೆಟ್, ವಲಸೆ ಕುರಿತು ಇ-ಮೇಲ್ ಬರುತ್ತದೆ. ತಡವಾಗಿರುವ ಎಚ್-1ಬಿ (ಉದ್ಯೋಗ ವೀಸಾ) ವಿಸ್ತರಣೆಗೆ ಅವರನ್ನೇ ಕೇಳಬಹುದೇ?

ಉತ್ತರ: ಕೇಳಬಹುದು, ಕೆಲಸವಾಗದು. ಅಸೆಂಬ್ಲಿ ರಾಜ್ಯದ್ದು, ವೀಸಾ ಫೆಡರಲ್ (ಕೇಂದ್ರ) ಸರ್ಕಾರದ್ದು. ಹಿಡಿಯಬೇಕಾದ್ದು ಆ ಕ್ಷೇತ್ರದ ಅಮೆರಿಕನ್ ಕಾಂಗ್ರೆಸ್ ಸದಸ್ಯರ ಕಚೇರಿಯನ್ನು. ಅರ್ಜಿಯ 13 ಅಕ್ಷರ-ಅಂಕಿಗಳ ರಸೀದಿ ಸಂಖ್ಯೆ, ಅರ್ಜಿಯ ಮಾಹಿತಿಯನ್ನು ಆ ಕಚೇರಿಗೆ ತಿಳಿಸಲು ಸಹಿ ಮಾಡಿದ ಒಪ್ಪಿಗೆ ಪತ್ರ ಕೊಡಬೇಕು. ಬಹಳ ಜನ ಎಡವುವುದು ಇಲ್ಲೇ: ಎಚ್-1ಬಿಗೆ ಅರ್ಜಿದಾರ ಕೆಲಸ ಕೊಟ್ಟ ಕಂಪನಿ, ನಿಮ್ಮ ಮಗನಲ್ಲ. ಹಾಗಾಗಿ ಕಂಪನಿಯ ಸಹಿಯೇ ಬೇಕು. ಸಾಮಾನ್ಯ ಅವಧಿ ಮೀರಿದ್ದರೆ ಕಚೇರಿ ವಿಚಾರಿಸುತ್ತದೆ, ಸರತಿ ಹಾರಿಸುವುದಿಲ್ಲ.

ಬಜೆಟ್ ಸುದ್ದಿಯನ್ನು ಮಾತ್ರ ದಿನಾಂಕ ನೋಡಿ ಓದಲಿ. ಜನವರಿಯದು ಗವರ್ನರ್ ಪ್ರಸ್ತಾವ, ಮೇ ತಿಂಗಳದು ಪರಿಷ್ಕರಣೆ. ಶಾಸನಸಭೆ ಅಂಗೀಕರಿಸಬೇಕಾದ ಗಡುವು ಜೂನ್ 15.